ಗಂಧಮರೆ

ಹೊತ್ತು ಮುಳುಗುವ ವೇಳೆಗೆ ಕಾಲುವೆಯ ಕಡೆಯಿಂದ ಸೊಳ್ಳೆಗಳು ಎಂದಿನಂತೆ ಎದ್ದು ಬಂದವು. ಹಂಚಿನದಿನ್ನಿಯ ಕೆಳಗಿನ ಓಣಿಯಲ್ಲಿ ಹುಲಿಗೆಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಅಕ್ಕಿ ಹಸನು ಮಾಡುತ್ತಿದ್ದಳು. ಒಂದು ಸೊಳ್ಳೆ ಅವಳ ಮುಖದ ತನಕ ಬಂದಿತು, ಕೊರಳು ಬಳಸಿ ಸುತ್ತಿತು, ಮೊಳಕೈ ಮೇಲೆ ಇಳಿದು, ಕಲ್ಲನ್ನೋ ಕಂಬವನ್ನೋ ಮುಟ್ಟಿದಂತೆ ಹಾಗೆಯೇ ಎದ್ದುಹೋಯಿತು. ಹುಲಿಗೆಮ್ಮ ತಲೆ ಎತ್ತಿಯೂ ನೋಡಲಿಲ್ಲ. ಆ ಊರಿನವರು ಸೊಳ್ಳೆಗೆ ಕೈ ಬೀಸುವುದನ್ನು ಬಿಟ್ಟು ಬಹಳ ಕಾಲವಾಗಿತ್ತು.

ಅವಳ ಹೆಗಲ ಹಿಂದೆ ರೂಪಾಯಿಯಗಲದ ಅಂಟುಪಟ್ಟಿ ಇತ್ತು. ಅದರ ಹೆಸರು ಗಂಧಮರೆ. ಸೊಳ್ಳೆ ಮನುಷ್ಯನನ್ನು ಹುಡುಕುವುದು ಎರಡು ಹಂತಗಳಲ್ಲಿ. ದೂರದಿಂದ ನಮ್ಮ ಉಸಿರು ಅದನ್ನು ಮನೆಯೊಳಕ್ಕೆ ಕರೆತರುತ್ತದೆ. ಹತ್ತಿರ ಬಂದ ಮೇಲೆ ಎಲ್ಲಿ ಕಚ್ಚಬೇಕೆಂದು ಮೈವಾಸನೆ ತೋರಿಸಿಕೊಡುತ್ತದೆ. ಆ ವಾಸನೆಯನ್ನು ಹುಟ್ಟಿಸುವುದು ಚರ್ಮದ ಮೇಲೆ ಬದುಕಿರುವ ಕಣ್ಣಿಗೆ ಕಾಣದ ಜೀವಾಣುಗಳು. ಗಂಧಮರೆಯಿಂದ ಹೊರಬರುವ ಬೇರೊಂದು ಸಾಧು ಜಾತಿಯ ಜೀವಾಣು ಮೈಯೆಲ್ಲ ಹರಡಿ, ಆ ವಾಸನೆಯ ಕಣಗಳನ್ನು ಹುಟ್ಟಿದಲ್ಲೇ ತಿಂದುಹಾಕುತ್ತಿತ್ತು. ಉಸಿರನ್ನು ಹಿಂಬಾಲಿಸಿ ಬಂದ ಸೊಳ್ಳೆಗೆ ಅಲ್ಲಿ ಯಾರೂ ಸಿಗುತ್ತಿರಲಿಲ್ಲ.

ಸರ್ಕಾರ ಅದನ್ನು ಭತ್ತದ ಸೀಮೆಯ ಊರೂರಿಗೂ ಹಂಚಿತು. ಮಲೇರಿಯಾ ಕಡಿಮೆಯಾಯಿತು, ಡೆಂಗಿ ಕಡಿಮೆಯಾಯಿತು. ಸೊಳ್ಳೆಪರದೆಗಳನ್ನು ಜನ ಹರಿದು ಬದನೆ ಮಡಿಗಳಿಗೆ ಹೊದಿಸಿದರು. ಹಾಲುಗೂಸುಗಳಿಗೆ ಮಾತ್ರ ಗಂಧಮರೆ ಹಾಕುವಂತಿರಲಿಲ್ಲ. ಅವುಗಳ ಎಳೆಯ ಚರ್ಮ ಹೊರಗಿನ ಜೀವಾಣುವನ್ನು ತಾಳುತ್ತಿರಲಿಲ್ಲ. ಮನೆಮಂದಿಯೆಲ್ಲ ಹಾಕಿಕೊಂಡರೆ ಕೂಸಿಗೂ ಕ್ಷೇಮ ಎಂದೇ ಎಲ್ಲರೂ ನಂಬಿದ್ದರು. ಮಾಡಿದವರೂ ಹಾಗೆಯೇ ನಂಬಿದ್ದರು.

ಆ ಮಳೆಗಾಲದ ಕೊನೆಯಲ್ಲಿ ಹುಲಿಗೆಮ್ಮನ ಮೊಮ್ಮಗಳು ಅಂಬಿಕಾಗೆ ಜ್ವರ ಬಂತು. ಆಗತಾನೇ ಗೋಡೆ ಹಿಡಿದು ನಿಲ್ಲಲು ಕಲಿತಿದ್ದ ಕೂಸು. ಬೆಳಗಾಗುವಷ್ಟರಲ್ಲಿ ಕಣ್ಣು ಮೇಲಾದವು, ಕೈಕಾಲು ಸೆಟೆದವು. ಮಗ ಹನುಮೇಶ ರಾಯಚೂರಿನ ಆಸ್ಪತ್ರೆಗೆ ಒಯ್ದ. ಅದು ಮೆದುಳು ಜ್ವರವೆಂದೂ, ವೈರಸ್ಸು ರೂಪ ಬದಲಿಸಿರುವುದರಿಂದ ಹಳೆಯ ಲಸಿಕೆ ನಾಟುತ್ತಿಲ್ಲವೆಂದೂ ಅಲ್ಲಿನವರು ಹೇಳಿದರು. ಅಂಬಿಕಾ ತಿರುಗಿ ಬರಲಿಲ್ಲ. ಅದೇ ತಿಂಗಳು ಅದೇ ಓಣಿಯಲ್ಲಿ ಇನ್ನೂ ಎರಡು ಕೂಸುಗಳು ಹೋದವು. ದೊಡ್ಡವರಲ್ಲಿ ಒಬ್ಬರಿಗೂ ಮೈ ಬೆಚ್ಚಗಾಗಿರಲಿಲ್ಲ.

ಇದು ಯಾಕೆ ಹೀಗೆ ಎಂದು ನೋಡಲು ಬಂದವರು ಡಾಕ್ಟರ್ ತಬಸ್ಸುಮ್ ನದಾಫ್. ಗಂಧಮರೆಯನ್ನು ರೂಪಿಸಿದ ತಂಡದಲ್ಲಿ ಅವರೂ ಒಬ್ಬರು. ಹುಟ್ಟಿದ್ದು ಲಿಂಗಸುಗೂರಿನಲ್ಲಿ, ಹಾಗಾಗಿ ಊರಿನವರೊಡನೆ ಊರಿನವರಂತೆಯೇ ಮಾತನಾಡುತ್ತಿದ್ದರು. ಹುಲಿಗೆಮ್ಮ ಮೊದಮೊದಲು ಅವರನ್ನು ಮಾತನಾಡಿಸಲಿಲ್ಲ. ಆದರೆ ಅವರು ಪಕ್ಕದ ಮನೆಯ ಈರಮ್ಮನ ಕೂಸಿನ ತೊಟ್ಟಿಲ ಬಳಿ ಒಂದು ಯಂತ್ರವನ್ನು ಇಟ್ಟರೆಂದು ಕೇಳಿ, ಸಂಜೆ ಅಲ್ಲಿಗೆ ಹೋಗಿ ಕುಳಿತಳು.

ಅದು ಹಾದಿಗನ್ನಡಿ. ಹಾರುವ ಪ್ರತಿಯೊಂದು ಸೊಳ್ಳೆಯ ದಾರಿಯನ್ನೂ ಗಾಜಿನ ಹಲಗೆಯ ಮೇಲೆ ಬೆಳಕಿನ ಎಳೆಯಾಗಿ ಬರೆಯುವ ಯಂತ್ರ. ತೊಟ್ಟಿಲಿಗೆ ದಪ್ಪ ಪರದೆ ಕಟ್ಟಿ, ಕೂಸು ತೊಟ್ಟ ಅಂಗಿಯೊಂದನ್ನು ಅದರ ಹೊರಗೆ ನೇತುಹಾಕಿದ್ದರು. ಮನೆಯ ಜನ ಎಂದಿನಂತೆ ಸುತ್ತ ಕುಳಿತು ಉಂಡರು. ಎಳೆಗಳು ಬಾಗಿಲಿನಿಂದ ಬಂದವು. ಈರಮ್ಮನ ಮಾವನನ್ನು ಸುತ್ತಿದವು, ಈರಮ್ಮನನ್ನು ಸುತ್ತಿದವು, ಹುಲಿಗೆಮ್ಮನ ಮುಖದ ಮುಂದೆ ಗಂಟು ಗಂಟಾದವು. ಆಮೇಲೆ ಒಂದೊಂದಾಗಿ ತಿರುಗಿ, ಎಲ್ಲವೂ ಆ ಪುಟ್ಟ ಅಂಗಿಗೆ ಹೋಗಿ ಸೇರಿದವು. ಹಲಗೆಯ ಆ ಜಾಗ ಬೆಳ್ಳಗಾಗಿ ಉರಿಯಿತು.

ಈರಮ್ಮ ಕೂಸನ್ನು ಎತ್ತಿ ಎದೆಗೆ ಒತ್ತಿಕೊಂಡು ಒಳಗೆ ಹೋದಳು.

ಹುಲಿಗೆಮ್ಮ ಹಲಗೆಯ ಮೇಲಿನ ಎಳೆಗಳನ್ನು ಬೆರಳಿನಿಂದ ತೋರಿಸಿ ಹೇಳಿದಳು: "ಹಂಗಾರ ನಮ್ಮ ಉಸುರಿಗೆ ಅವು ಒಳಗ ಬಂದ್ವು. ನಾವು ಸಿಗದಿದ್ದಕ್ಕ ಕೂಸಿನ ಕಡೆ ಹೋದ್ವು. ಎಲ್ಲಾರೂ ಸುತ್ತ ಕುಂತು ನಾವ ತೋರಿಸಿಕೊಟ್ಟಂಗಾತು."

"ನೀವಲ್ಲ, ಯವ್ವಾ," ಎಂದರು ತಬಸ್ಸುಮ್. "ನಾವು. ಒಬ್ಬೊಬ್ಬ ಮನುಷ್ಯನಿಗೆ ಎಷ್ಟು ಕಚ್ಚತಾವು ಅಂತ ಲೆಕ್ಕ ಹಾಕಿದ್ವಿ. ಒಂದು ಮನಿ ಅಂತ ಹಾಕಲಿಲ್ಲ."

ಆಮೇಲೆ ಅವರು ನಿಧಾನವಾಗಿ ಬಿಡಿಸಿ ಹೇಳಿದರು. ಮೊದಲು ಆರು ಜನ ಇದ್ದ ಮನೆಯಲ್ಲಿ ಸೊಳ್ಳೆಯ ಕಡಿತವೂ ಆರು ಜನಕ್ಕೆ ಹಂಚಿಹೋಗುತ್ತಿತ್ತು. ದೊಡ್ಡವರಲ್ಲಿ ಹೆಚ್ಚಿನವರಿಗೆ ಈ ಜ್ವರ ಚಿಕ್ಕಂದಿನಲ್ಲೇ ತಿಳಿಯದಂತೆ ಬಂದುಹೋಗಿರುತ್ತದೆ, ಲಸಿಕೆಗೆ ಬಗ್ಗದ ಹೊಸ ರೂಪವನ್ನೂ ಅವರ ರಕ್ತ ತಡೆಯಬಲ್ಲದು. ಬೆಳ್ಳಕ್ಕಿ, ಹಂದಿಗಳಿಂದ ಬರುವ ಈ ರೋಗ ಮನುಷ್ಯನಿಂದ ಮತ್ತೆ ಸೊಳ್ಳೆಗೆ ದಾಟುವುದಿಲ್ಲ; ನಮ್ಮಲ್ಲೇ ಕೊನೆಗಾಣುತ್ತದೆ. ಕೂಸುಗಳಿಗೆ ಒಗ್ಗುವ ಗಂಧಮರೆಗಾಗಲೀ ಹೊಸ ಲಸಿಕೆಗಾಗಲೀ ಇನ್ನೂ ವರ್ಷಗಳು ಬೇಕು. ಪರದೆಗಳನ್ನು ತರಿಸುತ್ತೇನೆ, ಆದರೆ ಅಂಬೆಗಾಲಿಡುವ ಕೂಸು ಸಂಜೆಯಿಡೀ ಪರದೆಯೊಳಗೆ ನಿಲ್ಲುವುದಿಲ್ಲ ಎಂದರು. ಮುಂದಿನದನ್ನು ಕೇಳಲು ಅವರಿಗೆ ಬಾಯಿ ಬರಲಿಲ್ಲ.

"ಇದನ್ನ ಕಿತ್ತರ ನನ್ನ ವಾಸನಿ ಎಷ್ಟು ದಿನಕ್ಕ ತಿರುಗಿ ಬರತೈತಿ?" ಎಂದು ಹುಲಿಗೆಮ್ಮ ಕೇಳಿದಳು.

"ಒಂದೆರಡು ವಾರಕ್ಕ. ಆದರ ಮಲೇರಿಯಾ ಮತ್ತ ಬರಬಹುದು, ಡೆಂಗಿ ಬರಬಹುದು. ಅದನ್ನ ನಾ ಮುಚ್ಚಿಡಂಗಿಲ್ಲ."

ಹುಲಿಗೆಮ್ಮ ಸೆರಗಿನೊಳಗೆ ಕೈ ಹಾಕಿ ಪಟ್ಟಿಯನ್ನು ಕಿತ್ತಳು. ಚರ್ಮದ ಮೇಲೆ ಬಿಳಿಯ ದುಂಡು ಗುರುತು ಉಳಿಯಿತು.

ಮನೆಯಲ್ಲಿ ಹನುಮೇಶ ಸಿಟ್ಟಾದ. ಹೋದ ಕೂಸು ಹೋಯಿತು, ಇನ್ನು ಯಾರಿಗಾಗಿ ಮೈ ಕಡಿಸಿಕೊಳ್ಳಬೇಕು, ನಮ್ಮ ಮನೆಯಲ್ಲಿ ತೊಟ್ಟಿಲೇ ಇಲ್ಲವಲ್ಲ ಎಂದ. ಅವನ ಹೆಂಡತಿ ಗೋಡೆಗೆ ಮುಖ ಮಾಡಿ ಮಲಗಿದ್ದಳು.

"ಬಾಜೂ ಮನ್ಯಾಗ ಐತಿ," ಎಂದಳು ಹುಲಿಗೆಮ್ಮ.

ಮೈವಾಸನೆ ತಿರುಗಿ ಬಂದ ಮೇಲೆ, ಸಂಜೆಯಾದರೆ ಅವಳು ಈರಮ್ಮನ ತೊಟ್ಟಿಲ ಪಕ್ಕಕ್ಕೆ ಹೋಗಿ, ಕುಪ್ಪಸದ ತೋಳು ಮೇಲಕ್ಕೆ ಸರಿಸಿ ಕುಳಿತುಕೊಳ್ಳುತ್ತಿದ್ದಳು. ಮೊದಲ ವಾರಗಳಲ್ಲಿ ತುರಿಕೆ ತಾಳದೆ ಬೇವಿನೆಣ್ಣೆ ಹಚ್ಚಲು ಹೋದವಳು, ಹಚ್ಚಿದರೆ ಅವು ಕೂಸಿನ ಕಡೆಗೆ ತಿರುಗುತ್ತವೆಂದು ನೆನೆದು ಕೈ ಹಿಂದೆಗೆದಳು. ಈರಮ್ಮನ ಮಾವ ಪಟ್ಟಿ ಕಿತ್ತ. ಆಮೇಲೆ ಓಣಿಯ ಮುದುಕಿಯರು ಕಿತ್ತರು. ಕೆಲವರು ಕೀಳಲಿಲ್ಲ, ಅವರನ್ನು ಯಾರೂ ಏನೂ ಅನ್ನಲಿಲ್ಲ. ಚಳಿಗಾಲದಲ್ಲಿ ಹುಲಿಗೆಮ್ಮನಿಗೆ ಮಲೇರಿಯಾ ಬಂದು, ಗಡಗಡ ನಡುಗುತ್ತ ಎರಡು ಕೌದಿ ಹೊದ್ದು ಮಲಗಿದಳು. ಅವಳು ಏಳುವ ತನಕ ತೊಟ್ಟಿಲ ಪಕ್ಕದ ಜಾಗದಲ್ಲಿ ಯಾವಾಗಲೋ ತನ್ನ ಪಟ್ಟಿಯನ್ನೂ ಕಿತ್ತಿದ್ದ ಅವಳ ಸೊಸೆ ಹೋಗಿ ಕುಳಿತಳು. ಹೋಗೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಮುಂದಿನ ಮಳೆಗಾಲದಲ್ಲಿ ಕೆಳಗಿನ ಓಣಿಯ ಒಂದು ಕೂಸಿಗೂ ಮೆದುಳು ಜ್ವರ ಬರಲಿಲ್ಲ. ಕೂಸಿರುವ ಮನೆಯ ದೊಡ್ಡವರು ಗಂಧಮರೆ ಧರಿಸಬಾರದೆಂದು ತಬಸ್ಸುಮ್ ಸರ್ಕಾರಕ್ಕೆ ಬರೆದರು. ಆದರೆ ಆದೇಶ ಹೊರಡುವ ಮೊದಲೇ ಸುದ್ದಿ ಬಾಯಿಂದ ಬಾಯಿಗೆ ಕಾಲುವೆಯುದ್ದಕ್ಕೂ ಹೋಗಿತ್ತು. ಬಸುರಿಗೆ ಏಳು ತುಂಬಿದರೆ ಸಾಕು, ಮನೆಯ ಹಿರಿಯರು ಪಟ್ಟಿ ಕೀಳತೊಡಗಿದರು. ಸೊಳ್ಳೆಯಿಂದ ಮನುಷ್ಯನನ್ನು ಬಿಡಿಸಲೆಂದು ಹುಟ್ಟಿದ ವಸ್ತು, ಯಾರ ಪಾಲಿನ ಕಡಿತವನ್ನು ಯಾರು ತಾಳಬೇಕೆಂದು ಜನರೇ ಆರಿಸಿಕೊಳ್ಳುವಂತೆ ಮಾಡಿತ್ತು. ಯಾವ ಪ್ರಯೋಗಶಾಲೆಯೂ ಅದನ್ನು ಊಹಿಸಿರಲಿಲ್ಲ.

ಒಂದು ದಿನ ಹುಲಿಗೆಮ್ಮ ಸಿಂಧನೂರಿಗೆ ಹೋಗುವ ಬಸ್ಸಿನಲ್ಲಿ ಕುಳಿತಿದ್ದಳು. ಪಕ್ಕದಲ್ಲಿದ್ದ ಗುರುತಿಲ್ಲದ ಹೆಂಗಸು ಅವಳ ತೋಳುಗಳನ್ನು ನೋಡಿದಳು. ಮೊಳಕೈಯಿಂದ ಮುಂಗೈ ತನಕ ಕೆಂಪು ಗುಳ್ಳೆ, ಕರಿ ಕಲೆ. ಆ ಹೆಂಗಸಿನ ಮುಖ ಅರಳಿತು.

"ಮನ್ಯಾಗ ಕೂಸು ಬಂದೈತೇನ್ರಿ? ಗಂಡೋ ಹೆಣ್ಣೋ?"

ಹುಲಿಗೆಮ್ಮ ಮುಖ ಹೊರಳಿಸಿ ಹೊರಗೆ ನೋಡಿದಳು. ಕಿಟಕಿಯಾಚೆ ನೀರು ನಿಂತ ಗದ್ದೆಗಳು ಹಿಂದೆ ಸರಿಯುತ್ತಿದ್ದವು. ಆಮೇಲೆ ಅವಳು ಆ ಹೆಂಗಸಿನ ಕಡೆಗೆ ತಿರುಗಿದಳು.

"ಎರಡೂ ಅದಾವ, ಯವ್ವಾ," ಎಂದಳು. "ನಮ್ಮ ಓಣ್ಯಾಗ."