ಮುಟ್ಟಿದಾಗ ಹೂಂ ಅನ್ನಿರಿ

"ಅಂಗಿ ತೋಳ ಸ್ವಲ್ಪ ಮ್ಯಾಲ ಏರಸ್ರಿ."

"ಏರಸೂದಿಲ್ರಿ!"

ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತಿದ್ದ ಆ ಯುವಕ ತಲೆಯನ್ನೂ ಎತ್ತದೆ ಹೇಳಿದ. ಲಾಳಿ ಅತ್ತಿಂದಿತ್ತ ಓಡುತ್ತಲೇ ಇತ್ತು.

ಭಾರತಿ ಬಾಗಿಲಲ್ಲೇ ನಿಂತಳು. ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಬೆಳಗಿನಿಂದ ಹದಿನಾಲ್ಕು ಮನೆ ಮುಗಿದಿದ್ದವು. ಎಲ್ಲರ ಚರ್ಮ, ಕೂದಲು, ಉಗುರು ನೋಡಿ ಬರೆದುಕೊಳ್ಳುವುದು ನರ್ಸ್ ಆದ ಅವಳಿಗೆ ಒಪ್ಪಿಸಿದ ಕೆಲಸ. ಯಾರೂ ಹೀಗೆ ಮುಖಕ್ಕೆ ಹೊಡೆದ ಹಾಗೆ ಮಾತಾಡಿರಲಿಲ್ಲ.

ಏಪ್ರಿಲ್ ತಿಂಗಳು. ತಗಡಿನ ಸೂರು. ಆದರೂ ಈ ಮನುಷ್ಯ ತುಂಬುತೋಳಿನ ಅಂಗಿ ತೊಟ್ಟು, ಮಣಿಕಟ್ಟಿನ ಗುಂಡಿ ಬೇರೆ ಹಾಕಿಕೊಂಡಿದ್ದಾನೆ! ಯಾಕೆ?

ಜೊತೆಗೆ ಬಂದಿದ್ದ ಆಶಾ ಕಾರ್ಯಕರ್ತೆ ಸಾಬೀರಾ ಸುಮ್ಮನಿರುವವಳಲ್ಲ. "ಏ ಗುರುಪಾದ, ಸಿಸ್ಟರ್ ನಿನ್ನ ಅಂಗಿ ಕಸಗೊಂಡ ಹೋಗೂದಿಲ್ಲೋ! ನೋಡಿ ವಾಪಸ್ ಕೊಡ್ತಾರ!"

ಒಳಗಿನಿಂದ ತಾಯಿ ಕಲ್ಲವ್ವನೂ ದನಿಗೂಡಿಸಿದಳು. "ತೋರ್ಸೋ ನಮ್ಮಪ್ಪಾ. ನನ್ನ ತಲಿ ನೋಡಿದ್ಲು, ಉಗುರ ನೋಡಿದ್ಲು, ಹೇನ ಸೈತ ಬಿಟ್ಟಿಲ್ಲ ಈ ತಂಗಿ!"

ಭಾರತಿಗೆ ನಗು ಬಂತು. ಕಲ್ಲವ್ವನ ಉಗುರುಗಳು ಬಿಳಿಚಿಕೊಂಡು, ನಡುವೆ ಚಮಚದ ಹಾಗೆ ಗುಂಡಿ ಬಿದ್ದಿದ್ದವು. ಮೈಯಲ್ಲಿ ರಕ್ತವಿಲ್ಲದ ಗುರುತು. ಅದನ್ನು ಆಗಲೇ ಬರೆದುಕೊಂಡಿದ್ದಳು.

ಗುರುಪಾದ ಕೊನೆಗೂ ಲಾಳಿ ನಿಲ್ಲಿಸಿ ಎಡಗೈ ತೋಳು ಮಡಚಿದ.

ಮುಂಗೈ ಮೇಲೆ ಅಂಗೈ ಅಗಲದ ಒಂದು ಮಾಸಲು ಮಚ್ಚೆ. ಸುತ್ತಲೂ ಬೆವರು ಹೊಳೆಯುತ್ತಿತ್ತು, ಮಚ್ಚೆ ಮಾತ್ರ ಒಣಗಿತ್ತು. ಅದರ ಮೇಲೆ ಒಂದು ಕೂದಲೂ ಇರಲಿಲ್ಲ.

ಅವಳು ಪೆನ್ನು ಕೈಗೆತ್ತಿಕೊಂಡಳು.

"ಕಣ್ಣ ಮುಚ್ರಿ. ನಾ ಪೆನ್ನಿನ ತುದಿಲೆ ಮುಟ್ಟತೀನಿ. ಮುಟ್ಟಿದಾಗ ಹೂಂ ಅನ್ರಿ."

ಅವನು ಕಣ್ಣು ಮುಚ್ಚಿದ.

ಅವಳು ಮುಟ್ಟಿದಳು.

"ಹೂಂ."

ಮತ್ತೊಮ್ಮೆ. "ಹೂಂ." ಮಚ್ಚೆಯ ನಡುವೆ. "ಹೂಂ."

ಆರು ಸಲ ಮುಟ್ಟಿದರೆ ಆರು ಸಲವೂ ಸರಿಯಾದ ಉತ್ತರ! ಭಾರತಿ ಉಸಿರು ಬಿಟ್ಟಳು. 'ಸ್ಪರ್ಶ ಇದೆ' ಎಂದು ಬರೆದಳು. "ಏನಿಲ್ರಿ, ಸಿಬ್ಬ ಇರಬೇಕು. ಮುಲಾಮು ಕೊಡ್ತೀನಿ, ಹಚ್ಚಿರಿ."

ಅವನು ಕಣ್ಣು ತೆರೆದು ಅವಳನ್ನು ನೋಡಿದ. ಸಮಾಧಾನದ ಮುಖವಲ್ಲ ಅದು... ಎಂಥದೋ ಸಂಕಟದ ನೋಟ. ಭಾರತಿಗೆ ಅರ್ಥವಾಗಲಿಲ್ಲ. ಆದರೆ ದಿನವಿಡೀ ಆ ನೋಟ ಮರೆಯಲೂ ಆಗಲಿಲ್ಲ!

ಕಲ್ಲವ್ವನಿಗೆ ಕಬ್ಬಿಣದ ಗುಳಿಗೆ ಕೊಡುವ ನೆಪದಲ್ಲಿ ಅವಳು ವಾರಕ್ಕೊಮ್ಮೆ ಆ ಮನೆಗೆ ಹೋಗತೊಡಗಿದಳು.

ಗುರುಪಾದ ಹೆಚ್ಚು ಮಾತಾಡುವವನಲ್ಲ. ಆದರೆ ಅವಳು ಬರುವ ಮಂಗಳವಾರ ಹೊಸ್ತಿಲ ಬಳಿ ನೆರಳಿಗೆ ಒಂದು ಕುರ್ಚಿ ಬಂದಿರುತ್ತಿತ್ತು. ತಾಯಿಯ ನಾಡಿ ಎಣಿಸುವಾಗ ಯಾರೂ ಹೇಳದೆ ಮಗ್ಗ ನಿಲ್ಲುತ್ತಿತ್ತು.

ಒಂದು ದಿನ ಅವಳ ಮುಂದೆ ಸಣ್ಣ ಬಟ್ಟಲಲ್ಲಿ ಔಡಲೆಣ್ಣೆ ಇಟ್ಟ.

"ಇದ್ಯಾಕ್ರಿ?"

"ನಿಮ್ಮ ಉಗುರಿನ ಅಂಚು ಒಡದಾವ. ದಿನಾ ಅದೇನೋ ಔಷಧದ ನೀರು ಹಚ್ಚಿ ಕೈ ತೊಳೀತೀರಲ್ಲ, ಅದಕ್ಕ. ಊರ ಮಂದಿ ಉಗುರೆಲ್ಲಾ ನೋಡ್ತೀರಿ, ನಿಮ್ಮವು ಯಾರು ನೋಡಬೇಕು?"

ಭಾರತಿ ತಟ್ಟನೆ ಕೈ ಮುಚ್ಚಿಕೊಂಡಳು. ಐದು ವರ್ಷದಿಂದ ನರ್ಸ್ ಆಗಿದ್ದಾಳೆ. ಅವಳ ಕೈಯನ್ನು ಯಾರಾದರೂ ಹೀಗೆ ಗಮನಿಸಿದ್ದು ಇದೇ ಮೊದಲು!

ಇದನ್ನೆಲ್ಲ ಕಂಡ ಕಲ್ಲವ್ವ ಸಾಬೀರಾಳ ಕಿವಿಯಲ್ಲಿ ಏನೋ ಹೇಳಿದಳು. ಸಾಬೀರಾ ಭಾರತಿಯ ಕಿವಿಯಲ್ಲಿ ಹೇಳಿದಳು. ಭಾರತಿ ಕೆಂಪಾದಳೇ ಹೊರತು ಬೇಡ ಎನ್ನಲಿಲ್ಲ. ನರೇಗಲ್ಲಿನಲ್ಲಿ ಹೊಲ ಮಾಡಿಕೊಂಡಿದ್ದ ಅವಳ ಅಪ್ಪ ಈಶಪ್ಪನೂ, "ಹುಡುಗ ದುಡಿಯಾಂವ ಇದ್ರ ಸಾಕು, ಮಗಳಿಗೆ ಮನಸಿದ್ರ ಸಾಕು" ಅಂದ.

ಆದರೆ ಗುರುಪಾದ ಒಂದೇ ಮಾತು ಹೇಳಿ ಕಳಿಸಿದ: "ನನಗ ಮದ್ವಿ ಬ್ಯಾಡ."

ಕಾರಣವನ್ನು ತಾಯಿಗೂ ಹೇಳಲಿಲ್ಲ.

ಭಾರತಿಗೆ ಕಾರಣ ಬೇಕಿರಲೂ ಇಲ್ಲ. ಎರಡು ವರ್ಷದ ಹಿಂದೆ ನರಗುಂದದ ಕಡೆಯವರು ನೋಡಿ ಹೋಗಿ, "ಹುಡುಗಿ ಚಲೋ ಅದಾಳ್ರಿ, ಆದ್ರ ಕಂಡಕಂಡವರ ಮೈ ಮುಟ್ಟೋ ಕೆಲಸ..." ಎಂದಿದ್ದರು. ಇವನೂ ಹಾಗೇ ಅಂದುಕೊಂಡನೇ? ಒಡೆದ ಉಗುರಿಗೆ ಎಣ್ಣೆ ತಂದವನು... ಅವನೂನಾ?

ಅಂದಿನಿಂದ ಗುಳಿಗೆಯನ್ನು ಸಾಬೀರಾಳ ಕೈಯಲ್ಲೇ ಕಳಿಸತೊಡಗಿದಳು.

ಎರಡು ತಿಂಗಳು ಕಳೆಯಿತು. ಭಾರತಿ ಮನೆ ಮನೆಗೆ ಹೊರಟಿದ್ದ ಒಂದು ಬೆಳಿಗ್ಗೆ ಸಾಬೀರಾ ಬಂದವಳೇ ಚೀಲ ಕೆಳಗಿಟ್ಟಳು. "ಆ ಗುರುಪಾದನ ಕಥಿ ಏನ್ ಕೇಳ್ತೀರಿ ಸಿಸ್ಟರ್! ನೂಲಿಗೆ ಹಾಕೋ ಗಂಜಿ ಒಲಿ ಮ್ಯಾಲ ಕುದೀತಿತ್ತಂತ. ಎಡಗೈಲೆ ಪಾತ್ರಿ ಹಿಡದಾನ. ಕಿರಿಬೆರಳು ಸುಟ್ಟು ನೀರಗುಳ್ಳಿ ಎದ್ದು, ಉಗುರ ಸೈತ ಸಡ್ಲಾಗೇತಿ. ಅವಗ ಖಬರೇ ಇಲ್ಲ! ಕಲ್ಲವ್ವ ನೋಡಿ ಚೀರಿದ ಮ್ಯಾಲ ಗೊತ್ತಾತಂತ. ನೆಪ್ಪ ಎಲ್ಲಿತ್ತೋ ಏನೋ ಮಾರಾಯಂದು!"

ಭಾರತಿಯ ಕೈಯಲ್ಲಿದ್ದ ಔಷಧಿ ಡಬ್ಬಿ ಹಾಗೇ ನಿಂತಿತು.

ಖಬರಿಲ್ಲವೇ? ಸುಟ್ಟರೂ ಗೊತ್ತಾಗಲಿಲ್ಲವೇ? ಹಾಗಾದರೆ ಅವತ್ತು ಆರು ಸಲ ಹೂಂ ಅಂದದ್ದು ಹೇಗೆ?

ಮುಂಗುರುಳು ಸರಿಸಿಕೊಳ್ಳಲು ಕೈ ಎತ್ತಿದಳು. ಘಲ್ಲೆಂದಿತು.

ಬಳೆ!

ದವಾಖಾನೆಯಲ್ಲಿ ಬಳೆ ತೆಗೆದಿಡುತ್ತಿದ್ದಳು. ಮನೆ ಮನೆಗೆ ಹೋಗುವ ದಿನ ಮಾತ್ರ ಡಜನ್ ಹಸಿರು ಬಳೆ ಏರಿಸಿಕೊಳ್ಳುತ್ತಿದ್ದಳು. ಬರಿಗೈಯಲ್ಲಿ ಹೋದರೆ ಓಣಿಯ ಅಜ್ಜಿಯರು ಹೊಸ್ತಿಲಲ್ಲೇ ನಿಲ್ಲಿಸಿ ಬೈಯುತ್ತಿದ್ದರು. ಅವತ್ತು ಪೆನ್ನು ಕೆಳಗಿಳಿದಾಗಲೆಲ್ಲ ಬಳೆ ಸದ್ದು ಮಾಡಿತ್ತು. ಅವನು ಹೂಂ ಅಂದದ್ದು ಸ್ಪರ್ಶಕ್ಕಲ್ಲ, ಸದ್ದಿಗೆ!

'ಅಯ್ಯೋ ದೇವರೇ... ನನ್ನ ಕೈಯಾರೆ ತಪ್ಪು ಬರೆದೆನಲ್ಲ!'

"ಸಾಬೀರಾ, ಏಳು. ಈಗಿಂದೀಗ ಹೋಗೂಣು!"

ಮನೆಯ ಅಂಗಳದಲ್ಲೇ ನಿಂತು ಅವಳು ಒಂದೊಂದೇ ಬಳೆ ತೆಗೆದು ಸಾಬೀರಾಳ ಸೆರಗಿಗೆ ಹಾಕಿದಳು. ಕಲ್ಲವ್ವ ಹೌಹಾರಿ ಓಡಿ ಬಂದಳು. "ಏ ತಂಗಿ, ಏನಾತ? ಬರಿಗೈ ಮಾಡ್ಕೋಬ್ಯಾಡವ್ವಾ!"

"ಸ್ವಲ್ಪ ಹೊತ್ತರಿ ಅತ್ತಿ, ಆಮ್ಯಾಲ ಬೈರಿ."

ಗುರುಪಾದ ಬೆರಳಿಗೆ ಬಟ್ಟೆ ಸುತ್ತಿಕೊಂಡು ಮಗ್ಗದ ಕಟ್ಟೆ ಮೇಲೆ ಕುಳಿತಿದ್ದ. ಅವಳನ್ನು ಕಂಡು ಎದ್ದ. ಎದ್ದವನು ಮತ್ತೆ ಕುಳಿತ.

"ಕೈ ಕೊಡ್ರಿ," ಅಂದಳು. "ಕಣ್ಣ ಮುಚ್ರಿ. ಮುಟ್ಟಿದಾಗ ಹೂಂ ಅನ್ರಿ."

ಅವನು ಕಣ್ಣು ಮುಚ್ಚಿದ. ಮನೆಯಲ್ಲಿ ಸದ್ದಿರಲಿಲ್ಲ. ಕಲ್ಲವ್ವ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು.

ಭಾರತಿ ಮಚ್ಚೆಯ ನಡುವೆ ಮುಟ್ಟಿದಳು. ಅಂಚಿನಲ್ಲಿ ಮುಟ್ಟಿದಳು. ಉಂಗುರ ಬೆರಳ ಬದಿಗೆ ಮುಟ್ಟಿದಳು. ಎಂಟು ಸಲ... ಒಂಬತ್ತು ಸಲ...

ಅವನು ಕಾಯುತ್ತಲೇ ಇದ್ದ. ಕೊನೆಗೆ ಮೆಲ್ಲಗೆ ಕೇಳಿದ.

"ಯಾಕ್ರಿ ಸಿಸ್ಟರ್... ಇನ್ನೂ ಶುರು ಮಾಡಿಲ್ಲ?"

ಅವಳ ಕಣ್ಣಿಂದ ಹನಿ ಜಾರಿ ಆ ಮಚ್ಚೆಯ ಮೇಲೆ ಬಿತ್ತು. ಅದೂ ಅವನಿಗೆ ಗೊತ್ತಾಗಲಿಲ್ಲ. ಕಣ್ಣು ತೆರೆದು ಅವಳ ಬರಿಗೈ ನೋಡಿದ ಮೇಲೆ ಎಲ್ಲವೂ ಗೊತ್ತಾಯಿತು.

"ಯಾಕ ಸುಳ್ಳ ಹೇಳಿದ್ರಿ?" ಅವಳು ಕೇಳಿದಳು.

"ನಮ್ಮ ಸೋದರಮಾವಗ ಇದ ಆಗಿತ್ರಿ. ಮೊದಲ ಮಚ್ಚಿ, ಆಮ್ಯಾಲ ಬೆರಳು ಕೊಕ್ಕಿ ಹಂಗ ಬಾಗಿದ್ವು. ಹೊಲದಾಗ ಗುಡಿಸಲ ಹಾಕಿ ಇಟ್ಟಿದ್ರು. ಸಾಯೂತನಕ ಅವನ ಹೆಸರ ಯಾರೂ ಕರೀಲಿಲ್ಲ, 'ಆ ರೋಗದಾಂವ' ಅಂತಿದ್ರು." ಅವನು ತಲೆ ತಗ್ಗಿಸಿದ. "ಕುಷ್ಠ ಅಂತ ಗೊತ್ತಾದ್ರ ನಾ ನೇಯ್ದ ಸೀರಿ ಯಾರು ಉಡ್ತಾರ್ರಿ? ಅವ್ವ ಎಲ್ಲಿಗೆ ಹೋಗ್ತಾಳ? ಮತ್ತ ನೀವು..."

"ನಾನು?"

"ನಿಮ್ಮನ್ನ ಬ್ಯಾಡ ಅಂದದ್ದು ಅದಕ್ಕ. ಬ್ಯಾರೆ ಏನೂ ಇಲ್ರಿ. ಇಂಥಾ ಕೈಲೆ ನಿಮ್ಮನ್ನ ಹ್ಯಾಂಗ ಕಟಗೊಳ್ಳಲಿ?"

ಎರಡು ತಿಂಗಳಿಂದ ಎದೆಯಲ್ಲಿ ಕಟ್ಟಿಕೊಂಡಿದ್ದುದೆಲ್ಲ ಭಾರತಿಗೆ ಒಮ್ಮೆಲೇ ಸಡಿಲಾಯಿತು. ಅವಳ ಕೆಲಸಕ್ಕೆ ಹೇಸಿ ಅಲ್ಲ... ತನ್ನ ಮೈಗೆ ತಾನೇ ಹೆದರಿ!

"ಸುಳ್ಳ ನಿಮ್ದು, ತಪ್ಪ ನಂದು," ಅಂದಳು ಕಣ್ಣೊರೆಸಿಕೊಂಡು. "ಬಳಿ ಹಾಕ್ಕೊಂಡು ಪರೀಕ್ಷಾ ಮಾಡಿದಾಕಿ ನಾನು. ನಾಲ್ಕ ತಿಂಗಳ ಹಾಳಾತು. ನಿಮ್ಮ ಮಾವನ ಕಾಲ ಅಲ್ರಿ ಇದು. ಇದಕ್ಕ ಗುಳಿಗಿ ಅದಾವ, ಪುಕ್ಕಟೆ ಕೊಡ್ತಾರ. ಶುರು ಮಾಡಿದ ಮ್ಯಾಲ ಇನ್ನೊಬ್ಬರಿಗೆ ಅಂಟೂದಿಲ್ಲ. ಇವತ್ತ ಬಿಟ್ರ ಮಾತ್ರ ಈ ಕೈ ಉಳಿಯೂದಿಲ್ಲ. ಬರ್ತೀರೋ ಇಲ್ಲೋ?"

ಅವನು ಮಗ್ಗದ ಕಡೆ ನೋಡಿದ. ಅರ್ಧ ನೇಯ್ದ ಸೀರೆ ಹಾಗೇ ಇತ್ತು.

ಕಲ್ಲವ್ವ ಒಳಗೆ ಹೋಗಿ ಮಗನ ಚಪ್ಪಲಿ ತಂದು ಅವನ ಕಾಲ ಬಳಿ ಇಟ್ಟಳು. "ಏಳು," ಅಂದಳು. "ನಮ್ಮಣ್ಣಗ ಯಾರೂ ಹಿಂಗ ಕರ್ಯಾಕ ಬರಲಿಲ್ಲೋ ಮಗನ... ನಿನಗ ಬಂದಾರ. ಏಳು!"

ರೋಣದ ಬಸ್ಸಿನಲ್ಲಿ ಅವನು ಅವಳಿಂದ ಎರಡು ಸೀಟು ದೂರ ಕುಳಿತ. ಭಾರತಿ ಎದ್ದು ಹೋಗಿ ಅವನ ಪಕ್ಕದಲ್ಲಿ ಕುಳಿತಳು.

ಡಾಕ್ಟರು ಮೊಣಕೈ ಹಿಂದೆ ದಪ್ಪಗಾದ ನರವನ್ನು ಒತ್ತಿ ನೋಡಿದರು. ಆರು ತಿಂಗಳ ಗುಳಿಗೆ ಬರೆದರು. "ರೋಗ ಪೂರಾ ಹೋಗ್ತದ. ಕೈಗೆ ಶಕ್ತಿ ಬರ್ತದ. ಕಿರಿಬೆರಳು, ಉಂಗುರ ಬೆರಳು, ಈ ಎರಡರ ಸ್ಪರ್ಶ ಮಾತ್ರ... ಖಾತ್ರಿ ಹೇಳಾಕ ಆಗೂದಿಲ್ಲ," ಅಂದರು.

ಆರು ತಿಂಗಳು ಅವಳು ಒಂದು ಮಂಗಳವಾರವನ್ನೂ ತಪ್ಪಿಸಲಿಲ್ಲ. ಬೆರಳಿಗೆ ಎಣ್ಣೆ ಸವರಿ ಒಂದೊಂದನ್ನೇ ಚಾಚುವುದನ್ನು ಕಲಿಸಿದಳು. ಬಿಸಿ ಪಾತ್ರೆ ಹಿಡಿಯಲು ಕಲ್ಲವ್ವ ದಪ್ಪ ಅರಿವೆಯ ಚೀಲ ಹೊಲಿದಳು. ಲಾಳಿ ಮೊದಲಿಗಿಂತ ನಿಧಾನ, ಆದರೆ ಓಡಿತು.

ಕೊನೆಯ ಗುಳಿಗೆ ನುಂಗಿದ ಮರುದಿನ ಗುರುಪಾದ ತಾಯಿಯೊಂದಿಗೆ ನರೇಗಲ್ಲಿಗೆ ಬಂದ. ಈಶಪ್ಪ ಕಂಬಳಿ ಹಾಸಿದ. ಚಹಾ ಬಂತು. ಗುರುಪಾದ ಕಪ್ಪು ಮುಟ್ಟಲಿಲ್ಲ.

"ಮಾಮಾ, ಮೊದಲ ಒಂದ ಮಾತ ಹೇಳ್ತೀನ್ರಿ. ಕೇಳಿ ಬ್ಯಾಡ ಅಂದ್ರೂ ನಾ ಸಿಟ್ಟಾಗೂದಿಲ್ಲ."

ತೋಳು ಮೇಲೇರಿಸಿ ಮಚ್ಚೆ ತೋರಿಸಿದ. ರೋಗದ ಹೆಸರನ್ನು ಅವನೇ ಹೇಳಿದ. ಸುಳ್ಳು ಹೇಳಿದ್ದನ್ನೂ ಹೇಳಿದ. ಭಾರತಿ ಒಳಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಅವಳು ಇದುವರೆಗೂ ಅಪ್ಪನಿಗೆ ಹೇಳಿರಲಿಲ್ಲ. ಅದು ಗುರುಪಾದ ಹೇಳಬೇಕಾದ ಮಾತು ಎಂದು ಕಾದಿದ್ದಳು.

ಈಶಪ್ಪ ಆ ಕೈ ನೋಡಿ ಮಗಳ ಕಡೆ ತಿರುಗಿದ.

"ಮಗಳ, ಇದು ಅಂಟತದನು?"

"ಇಲ್ಲಪ್ಪಾ. ಗುಳಿಗಿ ಮುಗದಾವ. ಅವರು ಆರಾಮ ಆಗ್ಯಾರ."

"ನಿನಗ ಎಷ್ಟ ದಿನದಿಂದ ಗೊತ್ತದ?"

"ಆರ ತಿಂಗಳಿಂದ."

"ಗೊತ್ತಿದ್ದೂ ಮನಸ ಮಾಡೀಯಲ್ಲ?"

ಅವಳು ತಲೆಯಾಡಿಸಿದಳು.

ಈಶಪ್ಪ ಮುಂದೆ ಬಾಗಿ ಅಳಿಯನಾಗುವವನ ಅಂಗಿ ತೋಳನ್ನು ತಾನೇ ಮೆಲ್ಲಗೆ ಇಳಿಸಿ ಸರಿಮಾಡಿದ. "ನೀ ಹೇಳದಿದ್ರ ನನಗ ಗೊತ್ತಾಗ್ತಿರಲಿಲ್ಲ. ಹೇಳಿದಿ. ಇನ್ನ ಮಗಳ ಚಿಂತಿ ನನಗಿಲ್ಲ. ಕುಡಿ ತಮ್ಮಾ, ಚಾ ಆರತದ."

ಕಲ್ಲವ್ವ ಅಳುತ್ತಲೇ ನಕ್ಕಳು.

ಹಿತ್ತಲಲ್ಲಿ ಕೈತೊಳೆಯಲು ನೀರು ಹಾಕುವ ನೆಪದಲ್ಲಿ ಭಾರತಿ, ಗುರುಪಾದ ಒಂದು ಗಳಿಗೆ ಇಬ್ಬರೇ ಆದರು.

"ಭಾರತಿ..." ಮೊದಲ ಸಲ ಹೆಸರು ಹಿಡಿದು ಕರೆದ. "ನೀ ಮೊದಲ ಬಂದ ದಿನದಿಂದ ನೀನಂದ್ರ ನನಗ ಜೀವ. ಹೇಳಾಕ ಧೈರ್ಯ ಇರಲಿಲ್ಲ."

"ಈಗ ಬಂತಲ್ಲ."

"ಆದ್ರ ಒಂದದ... ಈ ಎರಡ ಬೆರಳಿಗೆ ನೀ ಕೈ ಹಿಡದದ್ದು ಎಂದೂ ಗೊತ್ತಾಗೂದಿಲ್ಲ."

ಭಾರತಿ ತಂಬಿಗೆ ಕೆಳಗಿಟ್ಟು, ಅವನ ಎಡಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಉಳಿದ ಮೂರಕ್ಕ ಗೊತ್ತಾಗ್ತದನು?"

"ಗೊತ್ತಾಗ್ತದ."

"ಸಾಕಲ್ರಿ. ಆ ಎರಡಕ್ಕ ಅವು ಹೇಳ್ತಾವ."