ಟಿಕಟಿಕ ನಿಂತ ಗಿರಣಿ

"ಇಂಜಿನ್ನಿಗೆ ಮಣ್ಣು ಹಾಕ್ಯಾನ್ರೀ ಈ ತಾಯಣ್ಣ! ಭಾನುವಾರ ಮಾನ್ವಿಗೆ ಹೋಗಾಕ ರಜಾ ಕೇಳಿದಾಗ ಬೈದ ಮ್ಯಾಲನ ಕೊಟ್ಟಿದ್ದೆ. ಅದೇ ಸಿಟ್ಟು!"

ಮಸರಕಲ್ಲಿನ ಹಿಟ್ಟಿನ ಗಿರಣಿ ಮಾಲೀಕ ಗಡಿಗೆಪ್ಪನ ಕೂಗಿಗೆ ಹಿಟ್ಟಿಗೆಂದು ಬಂದ ಹೆಂಗಸರೂ ತಿರುಗಿ ನೋಡಿದರು. ಹನ್ನೊಂದು ವರ್ಷ ಆ ಇಂಜಿನ್ ನಡೆಸಿದ್ದ ತಾಯಣ್ಣ ಗಂಟು ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದ. ಸಂಜೆಯೊಳಗೆ ಕೆಲಸ ಬಿಟ್ಟು ಹೋಗಬೇಕೆಂದು ಅವನಿಗೆ ಅಪ್ಪಣೆಯಾಗಿತ್ತು.

೧೯೭೮ರ ಮಾತು. ರಾಯಚೂರಿನಿಂದ ಬಂದಿದ್ದ ಮೆಕ್ಯಾನಿಕ್ ಗುಲಾಮ್ ದಸ್ತಗೀರ್ ಸಾಬರು ಕೋಟು ಬಿಚ್ಚಿ ಗೆಳೆಯ ಅಯ್ಯಣ್ಣ ಮಾಸ್ತರರ ಕೈಗಿತ್ತರು. ಕೋಟು ಹಿಡಿದು ಬೆರಗಾಗುವುದೇ ಮಾಸ್ತರರ ರಜಾದಿನದ ಉದ್ಯೋಗ.

"ಯಾವಾಗಿಂದ?" ಎಂದು ಸಾಬರು ಗಡಿಗೆಪ್ಪನನ್ನು ಕೇಳಿದರು.

"ಸೋಮವಾರದಿಂದ. ಮುಂಜಾನಿ ಛಲೋ ಚಾಲೂ ಆಗ್ತದ, ಎರಡು ಚೀಲ ಬೀಸೂದ್ರಾಗ ಕಾದು ಸಾಯ್ತದ. ಆರಿದ್ರ ಮತ್ತ ಚಾಲೂ. ಮುಂಚಿನ ಟಿಕಟಿಕ ಮಾತ್ರ ಇಲ್ಲ. ಗೋಡಿ ಆಚಿ, ನಾನ ಇಕ್ಕಳದಿಂದ ಕೊಂಡಿ ಬಗ್ಗಿಸಿ ಕಟ್ಟಿದ ತೊಟ್ಟಿಲಾಗ ಮೊಮ್ಮಗ ಈಗ ಛಂದ ಮಲಗ್ತಾನ."

ಕಾದು ನಿಂತ ಇಂಜಿನ್ನಿನ ಹ್ಯಾಂಡಲನ್ನು ಸಾಬರು ಎರಡೇ ಬೆರಳಲ್ಲಿ ತಿರುಗಿಸಿದರು. "ದಮ್ಮೇ ಇಲ್ಲ. ಗಾಳಿ ಒತ್ತಿ ಹಿಡಿಯಾಕತ್ತಿಲ್ಲ." ಡೀಸೆಲ್ ಚಿಮ್ಮಿಸುವ ನಾಜಲ್ ಬಿಚ್ಚಿ, ಒಳಗೊಂದು ಚಮಚ ಎಣ್ಣೆ ಬಿಟ್ಟು, ಮುಚ್ಚಿ ತಿರುಗಿಸಿದರು. ಅಷ್ಟೇ ಹಗುರ. "ಮಾಸ್ತರ, ಹೊಗಿ ಕೊಳವಿ ಹತ್ರ ಕಿವಿ ಇಡ್ರಿ."

"ಯಾರೋ ಹಲ್ಲಿನ ಸಂದ್ಯಾಗ ಉಸಿರು ಬಿಟ್ಟಂಗ ಕೇಳ್ತದ!"

ಸಾಬರು ಮೇಲಿನ ಮುಚ್ಚಳ ತೆಗೆದರು. ಒಂದು ನಟ್ಟಿನ ಮೇಲೆ ಹಲ್ಲು ಕಚ್ಚಿದ ಹೊಸ ಗೀರುಗಳಿದ್ದವು. ತಾಯಣ್ಣನ ಗಂಟಿನಿಂದ ನಟ್ಟು ತಿರುಗಿಸುವ ಪಾನಾ ತರಿಸಿ ಕೂಡಿಸಿದರೆ ಸರಿಯಾಗಿ ಕೂತಿತು. ಆಮೇಲೆ ಎಲ್ಲರನ್ನೂ ಹತ್ತಿರ ಕರೆದರು.

"ಮಣ್ಣು ಬಿದ್ದಿದ್ರ ಪಿಸ್ಟನ್ ರಿಂಗ್ ಸವೀತಿದ್ದವು, ಎಣ್ಣಿ ಹಾಕಿದ ಕೂಡ್ಲೆ ದಮ್ ತಿರುಗಿ ಬರ್ತಿತ್ತು. ಬರಲಿಲ್ಲ. ಗಾಳಿ ಹೊಗಿ ಕೊಳವಿಯಾಗ ಸೋರ್ತದ, ಅಂದ್ರ ಅಲ್ಲಿನ ವಾಲ್ವ್ ಮುಚ್ಚಾಕತ್ತಿಲ್ಲ. ಅದರ ಮ್ಯಾಲ ಉಗುರಿನಷ್ಟು ತೆಳು ಸಂದು ಇರಬೇಕು, ಟಿಕಟಿಕ ಅನ್ನೂದು ಆ ಸಂದೇ. ಯಾರೋ ಅದನ್ನ ಬಿಗಿ ಮಾಡಿ ಮುಚ್ಯಾರ. ಕಬ್ಬಿಣ ಕಾದು ಉದ್ದ ಆದಾಗ ವಾಲ್ವ್ ತೆರದೇ ನಿಲ್ತದ. ನಟ್ಟಿನ ಮ್ಯಾಲಿನ ಗೀರು ಇಕ್ಕಳದ ಹಲ್ಲಿಂದು; ಪಾನಾ ಇರೋ ತಾಯಣ್ಣ ಇಕ್ಕಳ ಯಾಕ ಹಿಡೀತಾನ? ಅವ ಭಾನುವಾರ ಮಾನ್ವಿಯಾಗ ಇದ್ದ. ಗಡಿಗೆಪ್ಪ, ತೊಟ್ಟಿಲ ಕೊಂಡಿ ಬಗ್ಗಿಸಿದ ಇಕ್ಕಳ ಎಲ್ಲದ?"

ಗಡಿಗೆಪ್ಪ ಗೋಡೆಯ ಕಡೆ ನೋಡಿದ. "ಕೂಸು ಬೆಚ್ಚಿ ಬೀಳ್ತಿತ್ರೀ... ಒಂದೀಟು ತಿರುವಿದ್ದೆ, ಅಷ್ಟ."

ಸಾಬರು ಪಾನಾವನ್ನು ತಾಯಣ್ಣನಿಗೇ ಕೊಟ್ಟರು. ಅವನು ಸಂದು ಸರಿಮಾಡಿ ಹ್ಯಾಂಡಲ್ ಹೊಡೆದ. ಇಂಜಿನ್ ಗುಡುಗಿತು. ಎರಡು ಚೀಲ ಬೀಸಿತು, ಮೂರನೆಯದನ್ನೂ ಬೀಸಿತು. ಕಬ್ಬಿಣವನ್ನು ಮಾತಾಡಿಸಿ ಸತ್ಯ ಹೇಳಿಸಿದ ಗೆಳೆಯನನ್ನು ಮಾಸ್ತರರು ಕೋಟು ಅಪ್ಪಿಕೊಂಡು ನೋಡುತ್ತಲೇ ಇದ್ದರು.

ಟಿಕಟಿಕಕ್ಕೆ ಗೋಡೆಯಾಚೆ ಕೂಸು ಕಿಟಾರನೆ ಕಿರುಚಿತು. ತಾಯಣ್ಣನ ಕೈ ಥಟ್ಟನೆ ನಿಂತಿತು.

"ಅಳಲಿ ಬಿಡೋ, ಅವ್ವನ ಹತ್ರ ಅದಾನ," ಎಂದು ಗಡಿಗೆಪ್ಪ ತಾನೇ ಅವನ ಗಂಟು ಎತ್ತಿ ಒಳಗಿನ ಗೂಟಕ್ಕೆ ತೂಗುಹಾಕಿದ.