ರಸ್ತೆ ಕಡೆಯ ಕನ್ನಡಿ

"ಈ ಕನ್ನಡಿ ತಾನಾಗೇ ಮಡಚ್ಕೊಳ್ಳುತ್ತೆ ಕಣ್ರೀ. ಗಾಡಿ ಆಫ್ ಆಗಿದ್ರೂನೂ."

ರಿಪೇರಿ ಅಂಗಡಿಗೆ ಕಾರು ತಂದವಳು ಹಾಗೆಂದದ್ದೇ ತಡ, ಅವನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಠಣ್ಣೆಂದು ನೆಲಕ್ಕೆ ಬಿತ್ತು.

ಹನ್ನೆರಡು ವರ್ಷಗಳಿಂದ ಕಾರುಗಳ ವೈರಿಂಗ್ ನೋಡುತ್ತಿದ್ದ ಎಲೆಕ್ಟ್ರಿಷಿಯನ್ ಅವನು. ಮಲ್ಟಿಮೀಟರನ್ನು ಸದಾ ಕೊರಳಿಗೆ ನೇತುಹಾಕಿಕೊಂಡಿರುತ್ತಿದ್ದುದರಿಂದ ಸುತ್ತಮುತ್ತಲಿನವರಿಗೆಲ್ಲ ಅವನು 'ಮೀಟರ್'. ಎಂಥ ಫಾಲ್ಟ್ ಬಂದರೂ ಹೆದರಿದವನಲ್ಲ. ಆದರೆ ಈ ಒಂದು ಫಾಲ್ಟಿನ ಮೂಲ ಇಡೀ ಜಗತ್ತಿನಲ್ಲಿ ಒಬ್ಬನಿಗೆ ಮಾತ್ರ ಗೊತ್ತಿತ್ತು, ಆ ಒಬ್ಬ ತಾನೇ ಆಗಿದ್ದ. ಮೂರು ತಿಂಗಳಿಂದ ದಿನಾ ಬೆಳಿಗ್ಗೆ ಆರೂಕಾಲಕ್ಕೆ ಆ ಕನ್ನಡಿಯನ್ನು ಕೈಯಾರೆ ಮಡಚಿ ಬರುತ್ತಿದ್ದವನು ಅವನೇ.

"ಎಷ್ಟು ದಿನದಿಂದ ಹೀಗೆ?" ಎಂದು ಕೇಳಿದ. ಕೇಳದಿದ್ದರೆ ಅನುಮಾನ ಬರುತ್ತದಲ್ಲ.

"ಮೂರು ತಿಂಗಳಾಯ್ತು. ಸಂಜೆ ನಿಲ್ಲಿಸಿ ಹೋಗುವಾಗ ತೆರೆದೇ ಇರುತ್ತೆ. ಬೆಳಿಗ್ಗೆ ಬಂದ್ರೆ ಮಡಚ್ಕೊಂಡು ಕೂತಿರುತ್ತೆ. ಅದೂ ರಸ್ತೆ ಕಡೇದು ಮಾತ್ರ. ಗೋಡೆ ಕಡೇದು ಪಾಪ, ತನ್ನ ಪಾಡಿಗೆ ತಾನಿದೆ. ಇನ್ನೊಂದು ವಿಚಿತ್ರ ಹೇಳ್ಲಾ? ಭಾನುವಾರ ಮಡಚ್ಕೊಳ್ಳಲ್ಲ. ಕಾರಿಗೂ ರಜ ಗೊತ್ತಾಗುತ್ತೇನ್ರೀ?"

"ಗೊತ್ತಾಗಲ್ಲ," ಎಂದ ಅವನು, ಬಗ್ಗಿ ಸ್ಕ್ರೂಡ್ರೈವರ್ ಹುಡುಕುತ್ತಾ. ಅದು ಕಣ್ಣೆದುರಿಗೇ ಇತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಹೆಗಲು ಮುಟ್ಟಿಕೊಳ್ಳುವುದೊಂದು ಬಾಕಿ.

ಭಾನುವಾರ ಕಸದ ಲಾರಿ ಬರುವುದಿಲ್ಲ. ವಿಷಯ ಇಷ್ಟೇ.

ಅವಳ ಮನೆಯಿರುವ ಓಣಿಯಲ್ಲಿ ಲಾರಿ ನುಗ್ಗಿತೆಂದರೆ, ನಿಂತ ಕಾರಿಗೂ ಅದಕ್ಕೂ ನಡುವೆ ಒಂದು ಗೇಣು ಜಾಗ ಉಳಿದರೆ ಹೆಚ್ಚು. ಅಂಗಡಿಗೆ ಹೋಗುವ ದಾರಿಯಲ್ಲಿ, ಆ ಲಾರಿ ಇನ್ನೊಬ್ಬರ ಕಾರಿನ ಕನ್ನಡಿಯನ್ನು ಕಿತ್ತುಕೊಂಡು ಹೋದದ್ದನ್ನು ಅವನು ಕಣ್ಣಾರೆ ಕಂಡಿದ್ದ. ಅದರ ಹಿಂದೆ ನಿಂತಿದ್ದ ಬೂದು ಬಣ್ಣದ ಪುಟ್ಟ ಕಾರು ಕೂದಲೆಳೆಯಲ್ಲಿ ಪಾರಾಗಿತ್ತು. ಅದೇ ಹೊತ್ತಿಗೆ ಗೇಟು ತೆಗೆದು ಆ ಕಾರಿನತ್ತ ಬಂದವಳನ್ನು ಅವನು ನೋಡಿದೊಡನೆ ಗುರುತು ಹಿಡಿದಿದ್ದ. ಅವಳು ಅಮ್ಮನ 'ನಡೆಸೋ ಹುಡುಗಿ'!

ಕಳೆದ ವರ್ಷ ಅಮ್ಮ ಜಾರಿಬಿದ್ದು ಎಡಸೊಂಟ ಮುರಿದುಕೊಂಡಿದ್ದರು. ಆಪರೇಷನ್ ಆದ ಮೇಲೂ ಮಂಚ ಬಿಟ್ಟು ಇಳಿಯಲು ಒಲ್ಲೆ ಎನ್ನುತ್ತಿದ್ದರು. ನಡೆಸಲು ಬರುತ್ತಿದ್ದ ಫಿಸಿಯೋಥೆರಪಿಸ್ಟ್ ಹುಡುಗಿಗೆ ಬೈಗುಳದ ಸುರಿಮಳೆ. ಆ ಹುಡುಗಿ ಒಂದು ದಿನವೂ ಮುಖ ಸಿಂಡರಿಸಲಿಲ್ಲ. ದೂರ ಹೋಗಿ ಕಿಟಕಿಯ ಹತ್ತಿರ ನಿಂತುಕೊಂಡು, "ಕೇಳಿಸ್ತಿಲ್ಲ ಅಮ್ಮ, ಹತ್ತಿರ ಬಂದು ಬೈಯಿರಿ," ಎಂದಳು. ಬೈಯಲೆಂದೇ ಅಮ್ಮ ಎದ್ದರು. ಮೊದಲ ದಿನ ಎರಡು ಹೆಜ್ಜೆ, ಆರನೆಯ ದಿನ ಹನ್ನೊಂದು. ಹನ್ನೊಂದನೆಯ ಹೆಜ್ಜೆಗೆ ಅವಳ ಭುಜ ಹಿಡಿದು ಅಮ್ಮ ಅತ್ತಿದ್ದನ್ನು, ಗ್ರೀಸ್ ಮೆತ್ತಿದ ಬಟ್ಟೆಯಲ್ಲಿ ಒಳಗೆ ಹೋಗಲು ಸಂಕೋಚಪಟ್ಟು, ಗಾಜಿನ ಬಾಗಿಲ ಹೊರಗಿನಿಂದ ಮಗ ನೋಡಿದ್ದ. ಆಸ್ಪತ್ರೆಯಲ್ಲಿ ಅಮ್ಮನ ಜೊತೆಗಿದ್ದವಳು ಅವನ ಅಕ್ಕ. ಹಾಗಾಗಿ ಅವನ ಮುಖ ಆ ಹುಡುಗಿಗೆ ಗೊತ್ತೇ ಇರಲಿಲ್ಲ.

ಥ್ಯಾಂಕ್ಸ್ ಹೇಳಬೇಕೆಂದು ಡಿಸ್ಚಾರ್ಜ್ ದಿನ ಎರಡು ಸಲ ವಾರ್ಡಿನ ತನಕ ಹೋಗಿ ವಾಪಸ್ ಬಂದಿದ್ದ. ವೈರಿನ ಜೊತೆ ಗಂಟೆಗಟ್ಟಲೆ ಮಾತಾಡಬಲ್ಲವನಿಗೆ ಮನುಷ್ಯರೆದುರು ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಬಾಯಲ್ಲಿ ಬಾರದ ಥ್ಯಾಂಕ್ಸನ್ನು ಅವನು ಕೈಯಲ್ಲಿ ಹೇಳತೊಡಗಿದ. ಲಾರಿ ಬರುವ ಮೊದಲು ಕನ್ನಡಿ ಮಡಚುವುದು, ಮೆಲ್ಲಗೆ, ಒಂದೇ ಒಂದು ಕ್ಷಣ. ಮೊದಲ ತಿಂಗಳು ಅದು ಬರೀ ಕೃತಜ್ಞತೆಯಾಗಿತ್ತು. ಆಮೇಲಾಮೇಲೆ ಆರೂಕಾಲು ಯಾವಾಗ ಆಗುತ್ತದೋ ಎಂದು ಐದಕ್ಕೇ ಎಚ್ಚರವಾಗತೊಡಗಿದಾಗ, ಇದು ಬರೀ ಅಷ್ಟೇ ಅಲ್ಲ ಎಂದು ಅವನಿಗೇ ಗೊತ್ತಾಗಿತ್ತು.

"ಏನು ಯೋಚ್ನೆ ಮಾಡ್ತಿದೀರಾ? ರಿಪೇರಿ ಆಗಲ್ವಾ?" ಎಂದಳು ಅವಳು.

"ಆಗುತ್ತೆ."

"ತಡೀರಿ, ಬಟನ್ ಒತ್ತಿ ತೋರಿಸ್ತೀನಿ."

ಒತ್ತಿದಳು. ಒಳಗೆ ಮೋಟಾರ್ ಕರಕರ ಎಂದು ತಿರುಗಿತು, ಕನ್ನಡಿ ಮಾತ್ರ ಜಪ್ಪಯ್ಯ ಎಂದರೂ ಕದಲಲಿಲ್ಲ.

ಬಟನ್! ಅವನು ಕನ್ನಡಿಯತ್ತ ಬಗ್ಗಿದ. "ಈ ಕಾರಿಗೆ ಮೋಟಾರ್ ಕನ್ನಡಿ ಬರೋದೇ ಇಲ್ವಲ್ರೀ! ಇದು ಎಲ್ಲಕ್ಕಿಂತ ಕಡಿಮೆ ಬೆಲೆ ಮಾಡೆಲ್. ಇದರಲ್ಲಿ ಕೈಯಲ್ಲೇ ಮಡಚಬೇಕು."

"ಮೊದಲಿದ್ದ ಓನರ್ ಆಸೆಪಟ್ಟು ಹಾಕಿಸ್ಕೊಂಡಿದ್ರಂತೆ. ನಾನು ಸೆಕೆಂಡ್ ಹ್ಯಾಂಡ್ ತಗೊಂಡಿದ್ದು."

ಹೊರಗಿನಿಂದ ನೋಡಿದರೆ ಎರಡು ಬಗೆಯ ಕನ್ನಡಿಯೂ ಒಂದೇ ಥರ. ಬೇರೆ ಯಾರಾದರೂ ಅನುಮಾನ ಬಂದು ಬಗ್ಗಿ ನೋಡುತ್ತಿದ್ದರೇನೋ. ಚಕ್ರದ ಕ್ಯಾಪ್ ನೋಡಿಯೇ ಮಾಡೆಲ್ ಹೇಳುವ ಜಾಣ ಅವನು, ನೋಡಲಿಲ್ಲ.

ಬಾಗಿಲಿನ ಒಳಪ್ಯಾಡ್ ಬಿಚ್ಚಿ ಮೀಟರ್ ಹಿಡಿದ. ಮಡಚುವಾಗ ಹನ್ನೆರಡು ವೋಲ್ಟ್ ಸರಿಯಾಗಿ ಬರುತ್ತಿತ್ತು, ತೆರೆಯುವಾಗ ಅದೇ ಹನ್ನೆರಡು ಉಲ್ಟಾ ಆಗಿ ಬರುತ್ತಿತ್ತು. ಸ್ವಿಚ್ ಚೆನ್ನಾಗಿತ್ತು, ವೈರ್ ಚೆನ್ನಾಗಿತ್ತು. ಕನ್ನಡಿಯ ಬುಡ ಬಿಚ್ಚಿದಾಗ ಕಪ್ಪು ಪ್ಲಾಸ್ಟಿಕ್ ಗೇರೊಂದು ಅಂಗೈಗೆ ಬಿತ್ತು. ಅದರ ನಾಲ್ಕು ಹಲ್ಲು ಸವೆದು ನುಣ್ಣಗಾಗಿದ್ದವು. ಮೋಟಾರ್ ಇರುವುದನ್ನು ದಿನಾ ಕೈಯಲ್ಲಿ ಒತ್ತಿದರೆ ಇನ್ನೇನಾಗುತ್ತದೆ?

"ಏನಾಗಿದೆ?" ಅವಳು ಅವನ ಭುಜದ ಪಕ್ಕ ಬಗ್ಗಿದಳು. ಅವಳ ಕೂದಲಿನಿಂದ ಸೋಪಿನ ವಾಸನೆ ಬಂತು. ಅವನು ಗೇರನ್ನೇ ನೋಡುತ್ತಾ ನಿಂತ.

"ಹಲ್ಲು ಹೋಗಿದೆ. ಗುಜರಿ ಅಂಗಡೀಲಿ ಇಂಥದ್ದೇ ಹಳೇ ಕನ್ನಡಿ ಸಿಗುತ್ತೆ, ಅದರ ಗೇರ್ ಹಾಕ್ತೀನಿ. ನಾಳೆ ಸಂಜೆ ಬನ್ನಿ."

"ಅಷ್ಟೇನಾ? ಒಬ್ರು ಸ್ವಿಚ್ ಬದಲಾಯಿಸಿದ್ರು. ಇನ್ನೊಬ್ರು ಇಡೀ ವೈರಿಂಗ್ ಕಿತ್ತುಹಾಕ್ಬೇಕು ಅಂದ್ರು. ಇದೂ ಆಗ್ಲಿಲ್ಲ ಅಂದ್ರೆ ಕಾರು ಮಾರಿ, ಮನೆ ಖಾಲಿ ಮಾಡಿ, ಆಸ್ಪತ್ರೆ ಹಾಸ್ಟೆಲ್‌ಗೆ ಹೋಗೋಣ ಅಂತಿದೀನಿ. ತಿಂಗಳ ಕೊನೆಗೆ ರೂಮ್ ಕೊಡ್ತಾರಂತೆ."

ಒಂದು ಕನ್ನಡಿಗೆ ಮನೆ ಯಾಕೆ ಬಿಡಬೇಕು ಎಂದು ಅವನಿಗೆ ಅರ್ಥವಾಗಲಿಲ್ಲ. ಅವಳು ಹೋಗಿಬಿಡುತ್ತಾಳೆ ಎಂಬುದಷ್ಟೇ ಅರ್ಥವಾಯಿತು.

ಮರುದಿನ ಶನಿವಾರ ಸಂಜೆ ಅವಳು ಬಂದಾಗ ಗೇರ್ ಸಿದ್ಧವಾಗಿತ್ತು. ಉಳಿದದ್ದು ಸ್ಪ್ರಿಂಗ್. ಅದನ್ನು ಒಬ್ಬರು ಪೂರ್ತಿ ಕೆಳಕ್ಕೆ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಲಾಕ್ ರಿಂಗ್ ತೂರಿಸಬೇಕು. ಅವನೊಬ್ಬನೇ ಒತ್ತಿದಾಗ ಸ್ಪ್ರಿಂಗ್ ಎರಡು ಸಲ ಚಿಮ್ಮಿ ಮೇಜಿನಡಿ ಸೇರಿತು.

"ಸರೀರಿ, ನಾನು ಒತ್ತುತೀನಿ."

"ನಿಮ್ಮ ಕೈಲಾಗಲ್ಲ, ಗಟ್ಟಿ ಇದೆ."

"ದಿನಕ್ಕೆ ಹದಿನೈದು ಜನರ ಬೆನ್ನು ಒತ್ತೋ ಹೆಬ್ಬೆರಳು ಇವು. ನೋಡ್ತೀರಾ?" ಎಂದು ಎರಡೂ ಹೆಬ್ಬೆರಳನ್ನು ಅವನ ಮುಖದ ಮುಂದೆ ಹಿಡಿದಳು. ನಗು ತಡೆಯಲಾಗಲಿಲ್ಲ ಅವನಿಗೆ. ಅವನು ನಕ್ಕದ್ದನ್ನು ನೋಡಿ ಅವಳೂ ನಕ್ಕಳು. "ಪರವಾಗಿಲ್ವೇ, ನಿಮಗೆ ನಗೋಕೂ ಬರುತ್ತೆ."

ಅವಳು ಒತ್ತಿದಳು. ಸ್ಪ್ರಿಂಗ್ ಮಗುವಿನಂತೆ ತಲೆ ತಗ್ಗಿಸಿತು. ಅವಳ ಬೆರಳುಗಳ ಸಂದಿಯಲ್ಲೇ ರಿಂಗ್ ತೂರಿಸಬೇಕಾಗಿತ್ತು. ಹತ್ತು ಸೆಕೆಂಡಿನ ಕೆಲಸಕ್ಕೆ ಅವನು ಒಂದು ನಿಮಿಷ ತೆಗೆದುಕೊಂಡ. ಅವಳೂ ಬೇಗ ಮಾಡಿ ಎನ್ನಲಿಲ್ಲ.

ಎಲ್ಲ ಜೋಡಿಸಿ ಬಟನ್ ಒತ್ತಿದರೆ ಕನ್ನಡಿ ಝುಯ್ ಎಂದು ಮಡಚಿಕೊಂಡಿತು, ಝುಯ್ ಎಂದು ತೆರೆದುಕೊಂಡಿತು. ಅವಳು ಚಪ್ಪಾಳೆ ತಟ್ಟಿದಳು.

"ಇನ್ಮೇಲೆ ತಾನಾಗೇ ಮಡಚ್ಕೊಳ್ಳಲ್ಲ ತಾನೇ?"

"ಇಲ್ಲ," ಎಂದ. ಸುಳ್ಳೇನೂ ಅಲ್ಲ. ನಾಳೆಯಿಂದ ಅವನು ಆ ಕಡೆ ಹೋಗದಿದ್ದರೆ ಆಯಿತು. ಯಾರಿಗೂ ಗೊತ್ತಾಗುವುದಿಲ್ಲ.

ಅವಳು ಉಸ್ಸೆಂದು ಸ್ಟೂಲಿನ ಮೇಲೆ ಕೂತಳು. "ಅಬ್ಬಾ! ಗೇರೇ ಕೆಟ್ಟಿತ್ತು ಅಂದ್ರೆ ಇನ್ನು ಭಯ ಇಲ್ಲ. ನಿಮಗೆ ಹೇಳೋಕೆ ನಾಚಿಕೆ ಆಗುತ್ತೆ. ಯಾರೋ ಬೇಕಂತ ಮಾಡ್ತಿದಾರೆ ಅನ್ಕೊಂಡಿದ್ದೆ. ಒಂಟಿ ಹೆಂಗಸಿನ ಕಾರಿಗೆ ಗುರುತು ಮಾಡಿ ಹೋಗ್ತಾರೆ ಅಂತ ಯಾರೋ ಹೇಳಿದ್ರು. ಬಾಗಿಲಿಗೆ ಕುರ್ಚಿ ಅಡ್ಡ ಇಟ್ಟು ಮಲಗ್ತಿದ್ದೆ. ಎದುರು ಮನೆ ತಾತ ಬೆಳಿಗ್ಗೆ ಬೇಗ ಎದ್ದು ಹೊರಗೆ ನಿಂತಿರ್ತಾರೆ. ಅವರೇ ಇರ್ಬೇಕು ಅಂತ ಅವರ ಹತ್ರ ಮಾತಾಡೋದೇ ಬಿಟ್ಟುಬಿಟ್ಟೆ. ಪಾಪ, ಸಿಕ್ಕಾಗೆಲ್ಲ ಊಟ ಆಯ್ತೇನಮ್ಮ ಅಂತ ಕೇಳ್ತಿದ್ರು."

ಅವನು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. ಅವಳಿಗೆ ಒಳ್ಳೆಯದು ಮಾಡುತ್ತಿದ್ದೇನೆ ಎಂದುಕೊಂಡ ಪ್ರತಿ ಬೆಳಿಗ್ಗೆಯೂ ಅವಳ ಒಂದು ರಾತ್ರಿಯ ನಿದ್ದೆ ಕಸಿದಿತ್ತು. ಹೇಳಿದರೆ ಅವಳು ಮುಖ ತಿರುಗಿಸುತ್ತಾಳೆ. ಹೇಳದಿದ್ದರೆ ಎಂದಾದರೂ ಒಂದು ದಿನ ಅವಳು ನಕ್ಕಾಗ ತನಗೆ ನಗಲಾಗುವುದಿಲ್ಲ. ಬಿಸಿತುಪ್ಪ ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ ಎನ್ನುತ್ತಾರಲ್ಲ, ಅದು ಅವನಿಗೆ ಅವತ್ತು ಅರ್ಥವಾಯಿತು. ಅವನು ಉಗುಳಿಬಿಟ್ಟ.

"ತಾತ ಅಲ್ಲ. ನಾನು."

"ಏನು ನೀವು?"

"ಮಡಚ್ತಿದ್ದೋನು ನಾನು. ಕಸದ ಲಾರಿ ಕಿತ್ತುಕೊಂಡು ಹೋಗುತ್ತೆ ಅಂತ. ಮೋಟಾರ್ ಇದೆ ಅಂತ ಗೊತ್ತಿರ್ಲಿಲ್ಲ. ಗೇರ್ ಮುರಿದಿದ್ದೂ ನಾನೇ." ಒಂದೇ ಉಸಿರಿನಲ್ಲಿ ಅಮ್ಮನ ಸೊಂಟ, ಕಿಟಕಿ, ಹನ್ನೊಂದು ಹೆಜ್ಜೆ, ಗಾಜಿನ ಬಾಗಿಲು ಎಲ್ಲ ಹೇಳಿದ. ಹನ್ನೆರಡು ವರ್ಷಗಳಲ್ಲಿ ಅವನು ಅಷ್ಟು ಮಾತಾಡಿದ್ದು ಅದೇ ಮೊದಲು.

ಅವಳ ಮುಖ ಕೆಂಪಾಯಿತು. "ಮೂರು ತಿಂಗಳು ಭಯದಲ್ಲಿ ಸತ್ತೆ ನಾನು! ಥ್ಯಾಂಕ್ಸ್ ಅಂತ ಒಂದು ಮಾತು ಬಾಯಲ್ಲಿ ಹೇಳೋಕಾಗ್ಲಿಲ್ವಾ ನಿಮಗೆ? ಬೆಲ್ ಒತ್ತಿ, ಅಮ್ಮ ಚೆನ್ನಾಗಿ ನಡೀತಿದಾರೆ ಅಂತ ಹೇಳಿದ್ರೆ ನಾನೇನು ತಿಂದುಬಿಡ್ತಿದ್ನಾ?" ಕೀ ತೆಗೆದುಕೊಂಡು ಹೊರಟೇಬಿಟ್ಟಳು. ರಿಪೇರಿಯಾದ ಕನ್ನಡಿಯಲ್ಲಿ ಅವಳ ಕಣ್ಣು ಒಂದು ಕ್ಷಣ ಅವನಿಗೆ ಕಂಡಿತು. ಆಮೇಲೆ ಕಾರು ತಿರುಗಿತು.

ಭಾನುವಾರವಿಡೀ ಅವನು ಊಟ ಸರಿಯಾಗಿ ಮಾಡಲಿಲ್ಲ. ಅಮ್ಮ ಕೆದಕಿ ಕೆದಕಿ ವಿಷಯ ಹೊರಡಿಸಿದರು.

"ಅಯ್ಯೋ ಪೆದ್ದೇ! ಉಪಕಾರ ಮಾಡೋಕೆ ಹೋಗಿ ಹುಡುಗೀಗೆ ಉಪದ್ರ ಕೊಟ್ಯಲ್ಲೋ. ಮನೆ ಎಲ್ಲಿ ಅವಳದು?"

"ಹಿಂದಿನ ಓಣಿ. ನಿನ್ನ ಕೈಲಿ ಅಷ್ಟು ದೂರ ಆಗಲ್ಲಮ್ಮ. ಗೇಟ್ ದಾಟಿಲ್ಲ ನೀನು ಇನ್ನೂ."

"ಬೈಯೋದಿದ್ರೆ ಆಗುತ್ತೆ," ಎಂದರು ಅಮ್ಮ.

ಸೋಮವಾರ ಬೆಳಿಗ್ಗೆ ಆರಕ್ಕೇ ಕೋಲು ಹಿಡಿದು ಹೊರಟರು. ಮಗ ಹಿಂದೆ. ಮೂರು ಕಡೆ ನಿಂತು ಸುಧಾರಿಸಿಕೊಂಡರು, ಕೈ ಕೊಡಲು ಹೋದವನ ಕೈ ತಳ್ಳಿದರು. ಓಣಿ ತಿರುಗಿದಾಗ ಅವಳು ಕೀ ಹಿಡಿದು ಕಾರಿನ ಪಕ್ಕ ನಿಂತಿದ್ದಳು. ಕಸದ ಲಾರಿ ನಿಜಕ್ಕೂ ಅಷ್ಟು ಹತ್ತಿರ ಬರುತ್ತದೆಯೋ ನೋಡಲೆಂದೇ ಇಳಿದು ಬಂದಿರಬೇಕು. ಅವನು ಅಲ್ಲೇ ತಿರುವಿನಲ್ಲಿ ನಿಂತುಬಿಟ್ಟ. ಅಮ್ಮ ನಿಲ್ಲಲಿಲ್ಲ.

"ಏ ನಡೆಸೋ ಹುಡುಗಿ! ನನ್ನ ಮಗನಿಗೆ ಬೈದ್ಯಂತೆ? ಸರಿಯಾಗಿ ಬೈದಿದೀಯೋ ಇಲ್ವೋ ಕೇಳೋಣ ಅಂತ ಬಂದೆ!"

ಅವಳು ಅಮ್ಮನ ಮುಖ ನೋಡಲಿಲ್ಲ. ಮೊದಲು ಪಾದ ನೋಡಿದಳು, ಆಮೇಲೆ ಮಂಡಿ, ಆಮೇಲೆ ಸೊಂಟ. "ಕೋಲು ಬಲಗೈಲಿ ಹಿಡ್ಕೊಳ್ಳಿ ಅಮ್ಮ," ಎಂದಳು. ಓಡಿಬಂದು ಅಮ್ಮನನ್ನು ತಬ್ಬಿಕೊಂಡಳು.

"ನಮ್ಮ ಹತ್ರ ಬಂದೋರೆಲ್ಲ ಮನೆಗೆ ಹೋಗಿಬಿಡ್ತಾರಮ್ಮ. ಆಮೇಲೆ ನಡೆದ್ರಾ, ಮತ್ತೆ ಮಂಚ ಹಿಡಿದ್ರಾ, ಒಂದೂ ಗೊತ್ತಾಗಲ್ಲ. ಇಷ್ಟು ವರ್ಷದಲ್ಲಿ ಒಬ್ರು ನಡ್ಕೊಂಡು ಬಂದು ತೋರಿಸಿದ್ದು ಇದೇ ಮೊದಲು. ಥ್ಯಾಂಕ್ಸ್ ಅಮ್ಮ."

"ನನಗ್ಯಾಕೆ ನೀನು ಥ್ಯಾಂಕ್ಸ್ ಹೇಳ್ತೀಯೇ? ಹೇಳ್ಬೇಕಾದೋನು ಅಲ್ಲಿ ಕಂಬದ ಥರ ನಿಂತಿದಾನೆ ನೋಡು," ಎಂದು ಅಮ್ಮ ಗೇಟಿನ ಮೆಟ್ಟಿಲ ಮೇಲೆ ಕೂತು ಕಾಲು ನೀವಿಕೊಂಡರು.

ಅವಳು ಕಣ್ಣೊರೆಸಿಕೊಂಡು ತಿರುಗಿದಳು. ಅವನು ಅಲ್ಲಿಂದಲೇ ತುಟಿ ಅಲ್ಲಾಡಿಸಿದ.

"ಕೇಳಿಸ್ತಿಲ್ಲ," ಎಂದಳು ಅವಳು. ಮುಖ ಗಂಭೀರವಾಗಿತ್ತು, ಕಣ್ಣು ನಗುತ್ತಿತ್ತು. "ಹತ್ತಿರ ಬಂದು ಹೇಳಿ."

ಅವನು ಒಂದು ಹೆಜ್ಜೆ ಇಟ್ಟು ನಿಂತ.

"ಇನ್ನೂ ಕೇಳಿಸ್ತಿಲ್ಲ."

"ಎಡಗಾಲು ಮುಂದೆ ಇಡೋ ಪೆದ್ದೇ," ಎಂದರು ಅಮ್ಮ.

ಅವನು ನಡೆದ. ಅವಳ ಎದುರು ಬಂದು ನಿಂತಾಗ ಇಷ್ಟು ದಿನ ಬಾರದಿದ್ದ ಮಾತು ಸಲೀಸಾಗಿ ಹೊರಬಂತು. "ಅಮ್ಮನ್ನ ನಡೆಸಿದ್ದಕ್ಕೆ ಥ್ಯಾಂಕ್ಸ್. ಹೆದರಿಸಿದ್ದಕ್ಕೆ ತಪ್ಪಾಯ್ತು. ಹಾಸ್ಟೆಲ್‌ಗೆ ಹೋಗ್ಬೇಡಿ. ನೀವು ಈ ಓಣೀಲಿ ಇದೀರಾ ಅಂತಾನೇ ನನಗೆ ಬೆಳಗಾಗುತ್ತೆ."

"ತಾತನ ಹತ್ರ ನಿನ್ನೇನೇ ಹೋಗಿ ಕ್ಷಮೆ ಕೇಳಿದೆ," ಎಂದಳು ಅವಳು, ಕೀಯನ್ನು ಬೆರಳಲ್ಲಿ ತಿರುಗಿಸುತ್ತಾ. "ಆಮೇಲೆ ಹಾಸ್ಟೆಲ್‌ಗೆ ಫೋನ್ ಮಾಡಿ ರೂಮ್ ಬೇಡ ಅಂದೆ."

ಓಣಿಯ ತುದಿಯಲ್ಲಿ ಲಾರಿ ಹಾರ್ನ್ ಹೊಡೆಯಿತು. ಅಭ್ಯಾಸಬಲದಿಂದ ಅವನ ಕೈ ಕನ್ನಡಿಯತ್ತ ಹೋಯಿತು. ಅವಳು ಆ ಕೈಯನ್ನು ಗಾಳಿಯಲ್ಲೇ ಹಿಡಿದು, ಕೀಯನ್ನು ಅಂಗೈಗೆ ಒತ್ತಿದಳು.

"ಬಟನ್ ಒತ್ತಿ. ಕೈ ಹಾಕಬಾರದು."

"ಇಲ್ಲ, ಹಾಕಲ್ಲ," ಎಂದು ಅವನು ಗಾಬರಿಯಿಂದ ಕೈ ಹಿಂದಕ್ಕೆಳೆಯಹೋದ.

ಅವಳು ಬಿಡಲಿಲ್ಲ. "ಕನ್ನಡಿಗೆ ಕೈ ಹಾಕಬಾರದು ಅಂದಿದ್ದು ರೀ," ಎಂದಳು.